ಕಪ್ಪುಕುಳಿಯನ್ನು ತಟ್ಟಿ ನೋಡಿದ ಕನ್ನಡಿಗ

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ತಿಂಗಳ ವಿಷಯ ಗುರುತ್ವ ಮತ್ತು ಬ್ಲ್ಯಾಕ್ ಹೋಲ್ ಎಂದು ಗ್ರೂಪಿನಲ್ಲಿ ಹಾಕಿದ ದಿನವೇ ನನಗೆ ಎರಡು ಪ್ರಶ್ನೆ ಬಂದವು. ಮೊದಲನೆಯದು: "ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ವರ್ಮ್‌ಹೋಲ್ ಮಾಡಿಬಿಟ್ಟಿದ್ದಾರಂತೆ, ವಾಟ್ಸಾಪಿನಲ್ಲಿ ಬಂದಿದೆ, ನಿಜವೇನ್ರಿ?" ಎರಡನೆಯದು ನಮ್ಮ ಸದಸ್ಯೆಯೊಬ್ಬರದು. ಅವರ ಮಗಳು ಹನ್ನೆರಡನೇ ತರಗತಿ. ಎಂಜಿನಿಯರಿಂಗ್ ಬೇಡ, ಫಿಸಿಕ್ಸ್ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. "ಕಣ್ಣಿಗೆ ಕಾಣದ ಕಪ್ಪುಕುಳಿಯ ಲೆಕ್ಕ ಮಾಡಿದರೆ ಯಾರಿಗೆ ಏನು ಉಪಯೋಗ, ನೀವೇ ಹೇಳಿ" ಎಂದರು. ನಾನು ಭೌತವಿಜ್ಞಾನಿಯಲ್ಲ, ಎಂಟೆಕ್ ಮುಗಿಸಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ಆದರೂ ಎರಡಕ್ಕೂ ನನಗೆ ತಿಳಿದಷ್ಟು ಉತ್ತರ ಕೊಡಲು ಪ್ರಯತ್ನಿಸುತ್ತೇನೆ. ಅದಕ್ಕೆ ನಾವು ಮೊದಲು ಬೆಂಗಳೂರಿಗೆ ಹೋಗಿ ಬರಬೇಕು.

ಗುರುತ್ವ ಎಂದರೆ ನಮಗೆಲ್ಲ ನ್ಯೂಟನ್ನನ ಸೇಬು ನೆನಪಾಗುತ್ತದೆ. ಭೂಮಿ ಎಳೆಯಿತು, ಸೇಬು ಬಿತ್ತು. 1915ರಲ್ಲಿ ಐನ್‌ಸ್ಟೈನ್ ಇದನ್ನು ಬೇರೆ ರೀತಿ ಹೇಳಿದರು. ಎಳೆತ ಎಂಬುದಿಲ್ಲ, ವಸ್ತುವಿನ ಭಾರಕ್ಕೆ ಅದರ ಸುತ್ತಲಿನ ದೇಶ ಮತ್ತು ಕಾಲ ಎರಡೂ ಬಾಗುತ್ತವೆ, ಆ ಬಾಗಿದ ದಾರಿಯಲ್ಲಿ ಉಳಿದ ವಸ್ತುಗಳು ಸಾಗುತ್ತವೆ. ಕಾಲ ಬಾಗುವುದೆಂದರೇನು ಎಂದು ಕೇಳಿದರೆ ನಿಮ್ಮ ಫೋನಿನ ಮ್ಯಾಪ್ ತೋರಿಸುತ್ತೇನೆ. ಜಿಪಿಎಸ್ ಉಪಗ್ರಹಗಳಲ್ಲಿರುವ ಗಡಿಯಾರ ನಮ್ಮ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅಲ್ಲಿ ಗುರುತ್ವ ಕಡಿಮೆ ಎಂಬುದು ಅದಕ್ಕೆ ಮುಖ್ಯ ಕಾರಣ. ಈ ವ್ಯತ್ಯಾಸವನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿನಷ್ಟು ತಪ್ಪು ಸೇರಿಕೊಳ್ಳುತ್ತದೆ. ಕೋಥ್ರೂಡಿಗೆ ಬರಬೇಕಾದ ಊಟದ ಪಾರ್ಸೆಲ್ ಹಡಪ್ಸರಕ್ಕೆ ಹೋಗುತ್ತದೆ.

ಇದೇ ಬಾಗುವಿಕೆ ಅತಿಯಾದರೆ ಕಪ್ಪುಕುಳಿ. ಕೆಲವರು ಕೃಷ್ಣರಂಧ್ರ ಎನ್ನುತ್ತಾರೆ. ನನಗೆ ಕಪ್ಪುಕುಳಿಯೇ ಇಷ್ಟ, ಬಾಯಿಗೆ ಹಗುರ. ಇಡೀ ಭೂಮಿಯನ್ನು ಹಿಂಡಿ ಮಕ್ಕಳಾಡುವ ಗೋಲಿಯಷ್ಟು, ಅಂದರೆ ಒಂಬತ್ತು ಮಿಲಿಮೀಟರ್ ತ್ರಿಜ್ಯದಷ್ಟು ಮಾಡಿದರೆ ಅದು ಕಪ್ಪುಕುಳಿ. ಸೂರ್ಯನನ್ನಾದರೆ ಮೂರು ಕಿಲೋಮೀಟರಿಗೆ ಹಿಂಡಬೇಕು. ಅದರ ಅಂಚನ್ನು ದಾಟಿ ಒಳಗೆ ಹೋದ ಬೆಳಕೂ ಹೊರಗೆ ಬರುವುದಿಲ್ಲ. ಒಳಗೆ ಹೋದದ್ದು ಬರುವುದಿಲ್ಲ ಎಂದಮೇಲೆ ಅಂಥ ವಸ್ತು ಇದೆ ಎಂದು ಗೊತ್ತುಮಾಡುವುದು ಹೇಗೆ?

ಇಲ್ಲಿ ನಮ್ಮ ಕನ್ನಡಿಗರು ಬರುತ್ತಾರೆ. ಸಿ. ವಿ. ವಿಶ್ವೇಶ್ವರ. ಹುಟ್ಟಿದ್ದು 1938ರಲ್ಲಿ, ಬೆಂಗಳೂರಿನಲ್ಲಿ. ತಂದೆ ಸಿ. ಕೆ. ವೆಂಕಟರಾಮಯ್ಯ ಕನ್ನಡದ ಸಾಹಿತಿ. ಮಗ ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕಕ್ಕೆ ಹೋಗಿ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಬಳಿ ಸಂಶೋಧನೆಗೆ ಸೇರಿದರು. ಆಗ ಕಪ್ಪುಕುಳಿ ಎಂಬ ಹೆಸರೇ ಚಾಲ್ತಿಯಲ್ಲಿರಲಿಲ್ಲ. ಜಾನ್ ವೀಲರ್ 'ಬ್ಲ್ಯಾಕ್ ಹೋಲ್' ಎಂಬ ಮಾತನ್ನು ಬಳಕೆಗೆ ತಂದದ್ದು 1967ರ ಕೊನೆಯ ಹೊತ್ತಿಗೆ. ಅಂದರೆ ಹೆಸರಿಡುವ ಮೊದಲೇ ಇವರು ಅದರ ಜಾತಕ ನೋಡಲು ಕುಳಿತಿದ್ದರು!

ಅವರ ಮೊದಲ ಪ್ರಶ್ನೆ ಬಹಳ ಸರಳ. ಕಪ್ಪುಕುಳಿಯನ್ನು ಸ್ವಲ್ಪ ಅಲುಗಾಡಿಸಿದರೆ ಏನಾಗುತ್ತದೆ? ಬಟ್ಟಲಿನ ತಳದಲ್ಲಿರುವ ಗೋಲಿಯನ್ನು ತಳ್ಳಿದರೆ ಅದು ಅತ್ತಿತ್ತ ಓಡಾಡಿ ಮತ್ತೆ ತಳಕ್ಕೇ ಬಂದು ನಿಲ್ಲುತ್ತದೆ. ಬೋರಲು ಹಾಕಿದ ಬಟ್ಟಲಿನ ನೆತ್ತಿಯ ಮೇಲಿಟ್ಟ ಗೋಲಿಯನ್ನು ತಳ್ಳಿದರೆ ಮುಗಿಯಿತು, ಮಂಚದ ಕೆಳಗೇ ಹುಡುಕಬೇಕು. ಕಪ್ಪುಕುಳಿ ಎರಡನೆಯ ಜಾತಿಯದಾಗಿದ್ದರೆ ಲೆಕ್ಕದಲ್ಲಿ ಮಾತ್ರ ಇರುತ್ತಿತ್ತು, ಆಕಾಶದಲ್ಲಿ ಉಳಿಯುತ್ತಿರಲಿಲ್ಲ. ಅದು ಮೊದಲನೆಯ ಜಾತಿಯದು, ತಿರುಗದ ಕಪ್ಪುಕುಳಿ ಸ್ಥಿರ ಎಂದು ವಿಶ್ವೇಶ್ವರ ತೋರಿಸಿದರು.

ಎರಡನೆಯ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ನಾವು ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುತ್ತೇವಲ್ಲ? ಠಣ್ ಎಂದರೆ ಚೆನ್ನಾಗಿ ಬೆಂದಿದೆ, ಡಬ್ ಎಂದರೆ ಬಿರುಕು. ತೆಂಗಿನಕಾಯಿಯನ್ನೂ ತಟ್ಟುತ್ತೇವೆ. ಒಳಗೇನಿದೆ ಎಂದು ಒಡೆಯದೇ ತಿಳಿಯುವ ಉಪಾಯ ಅದು. ವಿಶ್ವೇಶ್ವರ ಕಪ್ಪುಕುಳಿಯನ್ನು ತಟ್ಟಿದರು. ಕೈಯಿಂದಲ್ಲ, ಗುರುತ್ವದ ಅಲೆಗಳಿಂದ. ಆಕಾಶದಲ್ಲಲ್ಲ, ಆ ಕಾಲದ ಕಂಪ್ಯೂಟರಿನಲ್ಲಿ. ಅಲೆಯ ಒಂದು ಕಂತೆಯನ್ನು ಕಪ್ಪುಕುಳಿಯ ಕಡೆಗೆ ಕಳಿಸಿ ತಿರುಗಿ ಬಂದದ್ದನ್ನು ನೋಡುವುದು. ಅಗಲವಾದ ಕಂತೆ ಕಳಿಸಿದಾಗ ವಿಶೇಷವೇನೂ ಕಾಣಲಿಲ್ಲ. ಕಂತೆಯನ್ನು ಕಿರಿದು ಮಾಡುತ್ತಾ ಹೋದರು. ಅದು ಕಪ್ಪುಕುಳಿಯ ಗಾತ್ರಕ್ಕೆ ಹತ್ತಿರವಾದಾಗ ಉತ್ತರ ಬಂತು: ಅಲೆ ಬಡಿದ ಮೇಲೆ ಒಂದು ನಿರ್ದಿಷ್ಟ ಸ್ವರದಲ್ಲಿ ಮಿಡಿದು ಬೇಗನೆ ಕ್ಷೀಣಿಸುವ ಕಂಪನ. ಗಂಟೆ ಬಾರಿಸಿದ ಮೇಲೆ ಉಳಿಯುವ ನಾದದ ಹಾಗೆ. 1970ರ ಆಗಸ್ಟಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಆಗ ಅವರಿಗೆ 32 ವರ್ಷ.

ಆ ನಾದದ ಗುಟ್ಟು ಇಷ್ಟು. ಸ್ವರ ಎಷ್ಟು ಎತ್ತರದ್ದು, ಎಷ್ಟು ಬೇಗ ಅಡಗುತ್ತದೆ, ಈ ಎರಡನ್ನು ಕಪ್ಪುಕುಳಿಯ ದ್ರವ್ಯರಾಶಿ ಮತ್ತು ಅದು ತಿರುಗುವ ವೇಗ ಮಾತ್ರ ನಿರ್ಧರಿಸುತ್ತವೆ. ತಟ್ಟಿದವರು ಯಾರು, ಹೇಗೆ ತಟ್ಟಿದರು ಎಂಬುದು ಲೆಕ್ಕಕ್ಕಿಲ್ಲ. ಇನ್ನೊಂದು ಮಾತು. ಒಳಗಿನಿಂದ ಏನೂ ಬರುವುದಿಲ್ಲ ಎಂದಿರಿ, ನಾದ ಹೇಗೆ ಬಂತು ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ಅದು ಒಳಗಿನಿಂದ ಬರುವುದಲ್ಲ. ಕಪ್ಪುಕುಳಿಯ ಅಂಚಿನಿಂದ ಸ್ವಲ್ಪ ಆಚೆ, ಅಲೆಗಳ ಪಾಲಿಗೆ ಒಂದು ದಿಬ್ಬವಿದ್ದ ಹಾಗೆ ಇರುತ್ತದೆ. ನಾವು ಬೆಳಗಾವಿ ಕಡೆ ಹೊರಟಾಗ ಖಂಬಾಟ್ಕಿ ಘಾಟ್ ಹತ್ತುವುದಿಲ್ಲವೇ, ಹಾಗೆ. ಆ ದಿಬ್ಬದ ನೆತ್ತಿಯ ಹತ್ತಿರ ಸುಳಿದಾಡುವ ಅಲೆ ಸ್ವಲ್ಪ ಸ್ವಲ್ಪವೇ ಆಚೆಗೂ ಈಚೆಗೂ ಸೋರಿಹೋಗುತ್ತದೆ. ಒಳಗೆ ಸೋರಿದ್ದು ಹೋಯಿತು, ಹೊರಗೆ ಸೋರಿದ್ದು ನಮಗೆ ಕೇಳುವ ನಾದ. ಈ ಘಾಟನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

1970ರಲ್ಲಿ ಈ ಲೆಕ್ಕದ ಉಪಯೋಗವೇನು ಎಂದು ಯಾರಾದರೂ ಕೇಳಿದ್ದರೆ ಪ್ರಾಮಾಣಿಕ ಉತ್ತರ, ಏನೂ ಇಲ್ಲ. ಗುರುತ್ವದ ಅಲೆಯನ್ನು ಹಿಡಿಯುವ ಯಂತ್ರವೇ ಇರಲಿಲ್ಲ. ವಿಶ್ವೇಶ್ವರ ಭಾರತಕ್ಕೆ ಮರಳಿದರು, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಭಾರತೀಯ ಖಭೌತ ಸಂಸ್ಥೆಯಲ್ಲಿ ಕೆಲಸ ಮಾಡಿದರು. ನಿಮ್ಮಲ್ಲಿ ಬೆಂಗಳೂರಿನಲ್ಲಿ ಬೆಳೆದವರು ಶಾಲೆಯಿಂದ ಜವಾಹರಲಾಲ್ ನೆಹರೂ ತಾರಾಲಯಕ್ಕೆ ಹೋಗಿರುತ್ತೀರಿ. ಅದರ ಸ್ಥಾಪಕ ನಿರ್ದೇಶಕರು ಇವರೇ.

ಈಗ ಪುಣೆಗೆ ಬರೋಣ. ವಿಶ್ವೇಶ್ವರ ಹುಟ್ಟಿದ ವರ್ಷವೇ, ನಮ್ಮ ಗಡಿಯ ಪಕ್ಕದ ಕೊಲ್ಹಾಪುರದಲ್ಲಿ ಜಯಂತ ನಾರಳೀಕರ್ ಹುಟ್ಟಿದರು. 1988ರಲ್ಲಿ ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದಲ್ಲಿ ಅವರು ಕಟ್ಟಿದ ಸಂಸ್ಥೆ ಆಯುಕಾ. ಔಂಧ್ ಕಡೆ ಓಡಾಡುವ ನಾವು ಆ ರಸ್ತೆಯಲ್ಲಿ ಎಷ್ಟೋ ಸಲ ಟ್ರಾಫಿಕ್ಕಿನಲ್ಲಿ ನಿಂತಿದ್ದೇವೆ. ಅಲ್ಲಿ ಸಂಜೀವ ಧುರಂಧರ್ ಎಂಬ ವಿಜ್ಞಾನಿ, ಬಿ. ಎಸ್. ಸತ್ಯಪ್ರಕಾಶ್ ಅವರ ಜೊತೆ 1991ರಲ್ಲಿ ಒಂದು ಮುಖ್ಯವಾದ ಪ್ರಬಂಧ ಬರೆದರು. ಗುರುತ್ವದ ಅಲೆ ಭೂಮಿಗೆ ಬರುವ ಹೊತ್ತಿಗೆ ಎಷ್ಟು ಸಣ್ಣದಾಗಿರುತ್ತದೆ ಎಂದರೆ, ನಾಲ್ಕು ಕಿಲೋಮೀಟರ್ ಉದ್ದದ ಕೊಳವೆಯನ್ನು ಅದು ಪ್ರೋಟಾನಿನ ಅಗಲದ ಸಾವಿರದಲ್ಲೊಂದು ಪಾಲಿನಷ್ಟು ಅಲುಗಿಸುತ್ತದೆ. ಯಂತ್ರದಲ್ಲಿ ಅದಕ್ಕಿಂತ ದೊಡ್ಡ ಗದ್ದಲ ಸದಾ ಇರುತ್ತದೆ. ಲಕ್ಷ್ಮಿ ರೋಡಿನಲ್ಲಿ ಗಣಪತಿ ವಿಸರ್ಜನೆಯ ಢೋಲ್ ತಾಷಾದ ನಡುವೆ ನಿಮ್ಮ ಮಗು "ಅಮ್ಮಾ" ಎಂದರೆ ನಿಮಗೆ ಕೇಳುತ್ತದೆ, ಪಕ್ಕದವರಿಗೆ ಕೇಳುವುದಿಲ್ಲ. ಏಕೆಂದರೆ ಆ ದನಿಯ ಅಚ್ಚು ನಿಮ್ಮ ತಲೆಯಲ್ಲಿ ಮೊದಲೇ ಇದೆ. ಧುರಂಧರ್ ಮತ್ತು ಸತ್ಯಪ್ರಕಾಶ್ ಹೇಳಿದ್ದು ಇಂಥದ್ದೇ. ಬರಬಹುದಾದ ಅಲೆಗಳ ಅಚ್ಚುಗಳನ್ನು ಲೆಕ್ಕ ಹಾಕಿ ಸಾಲಾಗಿ ಇಟ್ಟುಕೊಳ್ಳಿ, ಗದ್ದಲದ ಮೇಲೆ ಒಂದೊಂದನ್ನೇ ಹೊಂದಿಸಿ ನೋಡಿ. ಎಷ್ಟು ಅಚ್ಚು ಬೇಕು, ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಅಂತರವಿದ್ದರೆ ಅಲೆ ತಪ್ಪಿಹೋಗುವುದಿಲ್ಲ ಎಂಬ ಲೆಕ್ಕವೇ ದೊಡ್ಡದು. ಡೇಟಾದ ಕೆಲಸ ಮಾಡುವ ನನಗೆ ಇದು ಕಪ್ಪುಕುಳಿಗಿಂತ ಹೆಚ್ಚು ಬೆರಗು ಹುಟ್ಟಿಸಿದ ಭಾಗ, ಬೇರೆಯವರಿಗೆ ಹೇಗೋ ಗೊತ್ತಿಲ್ಲ.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳಿಗೆ ಮೊದಲ ಅಲೆ ತಾಕಿತು. ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಸುತ್ತಿ ಸುತ್ತಿ ಒಂದಾಗಿದ್ದವು. 36ಕ್ಕೆ 29 ಕೂಡಿಸಿದರೆ 65. ಆದರೆ ಉಳಿದದ್ದು 62. ಮೂರು ಸೂರ್ಯರಷ್ಟು ದ್ರವ್ಯ ಅಲೆಯಾಗಿ ಹರಡಿಹೋಯಿತು. ಅಲೆಯ ಇಡೀ ಕಥೆ ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ ಮುಗಿಯಿತು. ಅದು ನಿಜವಾದ ಅಲೆಯೇ ಎಂದು ಖಚಿತಪಡಿಸಿಕೊಳ್ಳುವಲ್ಲಿ ಅಚ್ಚು ಹೊಂದಿಸುವ ವಿಧಾನದ ಪಾಲು ದೊಡ್ಡದು. ಅಲೆಯ ಕೊನೆಯಲ್ಲಿ ಕೆಲವೇ ಮಿಲಿಸೆಕೆಂಡಿನ ಒಂದು ಬಾಲ, ಕ್ಷೀಣಿಸುವ ನಾದ. 1970ರ ಕಾಗದದ ಮೇಲಿನ ಗಂಟೆ.

2016ರ ಫೆಬ್ರುವರಿ 11ರಂದು ಇದನ್ನು ಜಗತ್ತಿಗೆ ಹೇಳಿದಾಗ ವಿಶ್ವೇಶ್ವರ ಅವರಿಗೆ 77 ವರ್ಷ. 45 ವರ್ಷ ಹಿಂದೆ ತಾನು ಲೆಕ್ಕದಲ್ಲಿ ಕೇಳಿದ್ದನ್ನು ಯಂತ್ರದ ಕಿವಿಯಲ್ಲಿ ಕೇಳುವ ಭಾಗ್ಯ ಸಿದ್ಧಾಂತದ ವಿಜ್ಞಾನಿಗಳಲ್ಲಿ ಎಷ್ಟು ಜನಕ್ಕೆ ಸಿಕ್ಕೀತು! ಒಂದು ವರ್ಷ ತುಂಬುವ ಮೊದಲೇ, 2017ರ ಜನವರಿ 16ರಂದು, ಅವರು ತೀರಿಕೊಂಡರು.

ಅಲ್ಲಿಗೆ ಕಥೆ ಮುಗಿಯಲಿಲ್ಲ. 2025ರ ಜನವರಿ 14ರಂದು, ನಾವು ಇಲ್ಲಿ ಎಳ್ಳುಬೆಲ್ಲ ಹಂಚುತ್ತಿದ್ದ ಸಂಕ್ರಾಂತಿಯ ದಿನ, ಇನ್ನೊಂದು ಅಲೆ ಬಂತು. ಮೊದಲಿನಂಥದ್ದೇ ಜೋಡಿ, ಹೆಚ್ಚುಕಡಿಮೆ ಅಷ್ಟೇ ದೂರ. ಆದರೆ ಹತ್ತು ವರ್ಷದಲ್ಲಿ ಯಂತ್ರದ ಕಿವಿ ಚುರುಕಾಗಿತ್ತು, ಹಾಗಾಗಿ ಮೂರು ಪಟ್ಟಿಗಿಂತ ಹೆಚ್ಚು ಸ್ಪಷ್ಟ. ಈ ಸಲ ಗಂಟೆಯ ಮೂಲ ಸ್ವರದ ಜೊತೆಗೆ ಅದರ ಉಪಸ್ವರವೂ ಕೇಳಿಸಿತು. ತಂಬೂರಿ ಮೀಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ಎರಡೂ ಸ್ವರ ತಿರುಗುವ ಕಪ್ಪುಕುಳಿಯ ಲೆಕ್ಕಕ್ಕೆ ಹೊಂದಿದವು. ಎರಡು ಕಪ್ಪುಕುಳಿ ಸೇರಿದರೆ ಅವುಗಳ ಅಂಚಿನ ಒಟ್ಟು ವಿಸ್ತೀರ್ಣ ಎಂದೂ ಕಡಿಮೆಯಾಗುವುದಿಲ್ಲ ಎಂದು ಸ್ಟೀಫನ್ ಹಾಕಿಂಗ್ 1971ರಲ್ಲಿ ಹೇಳಿದ್ದರು. ಸೇರುವ ಮೊದಲು ಎರಡರದೂ ಕೂಡಿ ಸುಮಾರು 2.4 ಲಕ್ಷ ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು. ಸೇರಿದ ಮೇಲೆ ಸುಮಾರು 4 ಲಕ್ಷ, ಮಹಾರಾಷ್ಟ್ರಕ್ಕಿಂತ ದೊಡ್ಡದು. ಹಾಕಿಂಗ್ ಗೆದ್ದರು, ಆದರೆ ನೋಡಲು ಅವರೂ ಇರಲಿಲ್ಲ.

ಇನ್ನು ವರ್ಮ್‌ಹೋಲ್. ಮಾವಿನಹಣ್ಣಿನ ಮೇಲೆ ಒಂದು ಹುಳು ಈ ಬದಿಯಿಂದ ಆ ಬದಿಗೆ ಹೋಗಬೇಕಾದರೆ ಸಿಪ್ಪೆಯ ಮೇಲೆ ಸುತ್ತಿ ಹೋಗಬಹುದು, ಇಲ್ಲವೇ ತಿರುಳನ್ನು ಕೊರೆದು ನೇರ ಹೋಗಬಹುದು. ಆ ಕೊರೆದ ದಾರಿಯೇ ವರ್ಮ್‌ಹೋಲ್. 1935ರಲ್ಲಿ ಐನ್‌ಸ್ಟೈನ್ ಮತ್ತು ರೋಸೆನ್ ತಮ್ಮ ಸಮೀಕರಣದಲ್ಲಿ ಇಂಥ ಒಂದು ಸೇತುವೆ ಕಂಡರು. ಆ ಸೇತುವೆ ಬೆಳಕು ದಾಟುವಷ್ಟರಲ್ಲೇ ಕಿತ್ತುಹೋಗುತ್ತದೆ ಎಂದು 1962ರಲ್ಲಿ ಫುಲ್ಲರ್ ಮತ್ತು ವೀಲರ್ ತೋರಿಸಿದರು. ಮುಂದೆ ಕಾರ್ಲ್ ಸೇಗನ್ ತಮ್ಮ ಕಾದಂಬರಿಯ ನಾಯಕಿಯನ್ನು ದೂರದ ನಕ್ಷತ್ರಕ್ಕೆ ಕಳಿಸಬೇಕಾಗಿ ಬಂದಾಗ ಗೆಳೆಯ ಕಿಪ್ ಥಾರ್ನ್ ಅವರನ್ನು ಕೇಳಿದರು. ಥಾರ್ನ್ ಮತ್ತು ಅವರ ವಿದ್ಯಾರ್ಥಿ ಮಾರಿಸ್ 1988ರಲ್ಲಿ ಹೇಳಿದ್ದು: ದಾರಿಯನ್ನು ತೆರೆದಿಡಬಹುದು, ಆದರೆ ಗೋಡೆಗೆ ಆನಿಸಲು ಶೂನ್ಯಕ್ಕಿಂತ ಕಡಿಮೆ ಶಕ್ತಿಯ ಪದಾರ್ಥ ಬೇಕು. ಅಂಥದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಇದರಲ್ಲೂ ಪುಣೆಯ ಹೆಸರಿದೆ. ಆಯುಕಾದ ನರೇಶ ದಧೀಚ್, ಖರಗ್‌ಪುರ ಐಐಟಿಯ ಸಯನ್ ಕರ್ ಮತ್ತು ನ್ಯೂಜಿಲೆಂಡಿನ ಮ್ಯಾಟ್ ವಿಸ್ಸರ್ 2003ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ವರ್ಮ್‌ಹೋಲಿನ ಆಕಾರವನ್ನು ಜಾಣತನದಿಂದ ಆರಿಸಿಕೊಂಡರೆ ಆ ವಿಚಿತ್ರ ಪದಾರ್ಥ ಎಷ್ಟು ಬೇಕಾದರೂ ಕಡಿಮೆ ಸಾಕು ಎಂದು ಅದರಲ್ಲಿ ತೋರಿಸಿದರು. ಗಮನಿಸಿ, ಕಡಿಮೆ ಸಾಕು, ಬೇಡವೇ ಬೇಡ ಎಂದಲ್ಲ. ಒಂದು ಚಿಟಿಕೆ ಹೆಪ್ಪಿದ್ದರೆ ಎಷ್ಟು ಹಾಲನ್ನಾದರೂ ಮೊಸರು ಮಾಡಬಹುದು. ಆದರೆ ಆ ಚಿಟಿಕೆ ಎಲ್ಲಿಂದ ತರುವುದು?

ಈಗ ವಾಟ್ಸಾಪಿನ ಸುದ್ದಿ. 2013ರಲ್ಲಿ ಮಾಲ್ಡಸೇನಾ ಮತ್ತು ಸಸ್ಕಿಂಡ್ ಒಂದು ಊಹೆ ಮುಂದಿಟ್ಟರು. ಕ್ವಾಂಟಮ್ ಕಣಗಳ ನಡುವೆ ದೂರವನ್ನು ಲೆಕ್ಕಿಸದ ಒಂದು ನಂಟಿರುತ್ತದಲ್ಲ, ಅದೂ ವರ್ಮ್‌ಹೋಲೂ ಒಂದೇ ಸಂಗತಿಯ ಎರಡು ಮುಖವಿರಬಹುದು ಎಂದು. ಈ ಜಾಡಿನಲ್ಲಿ 2022ರ ಕೊನೆಗೆ ಗೂಗಲ್‌ನ ಕ್ವಾಂಟಮ್ ಯಂತ್ರದ ಒಂಬತ್ತು ಕ್ಯೂಬಿಟ್ ಬಳಸಿ ಮಾಡಿದ ಒಂದು ಪ್ರಯೋಗ ಪ್ರಕಟವಾಯಿತು. ಕ್ಯಾಲ್‌ಟೆಕ್‌ನ ಮರಿಯಾ ಸ್ಪಿರೊಪುಲು ಆ ತಂಡದ ಮುಂದಾಳು. ವರ್ಮ್‌ಹೋಲಿನ ಸಮೀಕರಣಕ್ಕೆ ಸರಿಸಾಟಿ ಎಂದು ಅವರು ಹೇಳಿದ ಒಂದು ಪುಟ್ಟ ಮಾದರಿಯನ್ನು ಓಡಿಸಿ, ಒಂದು ಕಡೆ ಹಾಕಿದ ಮಾಹಿತಿ ಇನ್ನೊಂದು ಕಡೆ ಬಂತು ಎಂದರು. ಪತ್ರಿಕೆಗಳು "ವರ್ಮ್‌ಹೋಲ್ ಸೃಷ್ಟಿ" ಎಂದು ಬರೆದವು. ಮಾದರಿಯನ್ನು ಅಷ್ಟು ಸಣ್ಣದು ಮಾಡಿದ ಮೇಲೆ ಅದರಲ್ಲಿ ಗುರುತ್ವದ ಗುಣವೇ ಉಳಿದಿಲ್ಲ ಎಂದು ಕೆಲವೇ ತಿಂಗಳಲ್ಲಿ ಬೇರೆ ವಿಜ್ಞಾನಿಗಳು ಆಕ್ಷೇಪಿಸಿದರು. ಅವರ ಆಕ್ಷೇಪ ಪಕ್ಕಕ್ಕಿಟ್ಟರೂ, ಅಲ್ಲಿ ದೇಶಕಾಲದಲ್ಲಿ ಯಾವ ತೂತೂ ಬಿದ್ದಿಲ್ಲ. ಫೋನಿನ ಮ್ಯಾಪಿನಲ್ಲಿ ಪುಣೆಯಿಂದ ಧಾರವಾಡದವರೆಗೆ ಬೆರಳು ಓಡಿಸಿದರೆ ಕೈಗೆ ಪೇಢೆ ಬರುವುದಿಲ್ಲ. ಆದ್ದರಿಂದ ಮೊದಲ ಪ್ರಶ್ನೆಗೆ ಉತ್ತರ: ಇಲ್ಲ, ಮಾಡಿಲ್ಲ. ಆ ಫಾರ್ವರ್ಡನ್ನು ನೀವು ಡಿಲೀಟ್ ಮಾಡಬಹುದು.

ಹಾಗೆಂದು ವರ್ಮ್‌ಹೋಲ್ ಬರೀ ಕಥೆಯ ಸರಕೂ ಅಲ್ಲ. ಕಪ್ಪುಕುಳಿ ನಿಧಾನವಾಗಿ ಆವಿಯಾಗುತ್ತದೆ ಎಂದು ಹಾಕಿಂಗ್ 1974ರಲ್ಲಿ ಹೇಳಿದಾಗಿನಿಂದ ಒಂದು ತಂಟೆ ಉಳಿದಿದೆ. ಒಳಗೆ ಬಿದ್ದದ್ದರ ಮಾಹಿತಿ ನಾಶವಾಗುತ್ತದೆಯೋ ಉಳಿಯುತ್ತದೆಯೋ? 2019ರಲ್ಲಿ ಪೆನಿಂಗ್ಟನ್ ಒಂದು ಕಡೆ, ನೆಟ್ಟಾ ಎಂಗಲ್‌ಹಾರ್ಟ್ ಎಂಬ ಯುವ ವಿಜ್ಞಾನಿ ಮತ್ತು ಅವರ ಸಂಗಡಿಗರು ಇನ್ನೊಂದು ಕಡೆ, ಮಾಹಿತಿ ಉಳಿಯುತ್ತದೆ ಎನ್ನುವ ದಿಕ್ಕಿನ ಲೆಕ್ಕ ಮಾಡಿದರು. ಆಮೇಲೆ ಆ ಲೆಕ್ಕಕ್ಕೆ ಆಧಾರ ಹುಡುಕಿದಾಗ ಅಲ್ಲಿ ಒಂದು ಬಗೆಯ ವರ್ಮ್‌ಹೋಲೇ ಕಾಣಿಸಿಕೊಂಡಿತು, ಗಣಿತದೊಳಗೆ. ಬೆಂಗಳೂರಿನ ಹೆಸರಘಟ್ಟ ಕಡೆಯ ಐಸಿಟಿಎಸ್‌ನಲ್ಲಿ ಸುವ್ರತ್ ರಾಜು ಮತ್ತು ಅವರ ಜೊತೆಗಾರರು ಬೇರೆ ದಾರಿ ಹಿಡಿದಿದ್ದಾರೆ. ಒಳಗಿನ ಮಾಹಿತಿ ಹೊರಗೂ ಮೊದಲಿಂದಲೇ ಇರುತ್ತದೆ ಎಂಬುದು ಅವರ ವಾದ. ಜಗಳ ತೀರ್ಮಾನವಾಗಿಲ್ಲ.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ವಿಶ್ವೇಶ್ವರ ಅವರ ಮನೆಯ ವಿಷಯ ಇನ್ನೂ ಹೇಳಿಲ್ಲ. ಹೆಂಡತಿ ಸರಸ್ವತಿ ವಿಶ್ವೇಶ್ವರ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೋಟೀನುಗಳ ರಚನೆಯ ಮೇಲೆ ಕೆಲಸ ಮಾಡಿದ ಪ್ರಾಧ್ಯಾಪಕಿ. ಮಗಳು ಸ್ಮಿತಾ ವಿಶ್ವೇಶ್ವರ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕಿ. ಅವರ ಕ್ಷೇತ್ರ ಕಪ್ಪುಕುಳಿ ಅಲ್ಲ, ಘನವಸ್ತುಗಳೊಳಗಿನ ಎಲೆಕ್ಟ್ರಾನುಗಳು. ಆದರೆ 2019ರಲ್ಲಿ ಸುರಾಜ್ ಹೆಗಡೆ, ವರ್ಷಾ ಸುಬ್ರಮಣ್ಯನ್ ಮತ್ತು ಬ್ಯಾರಿ ಬ್ರಾಡ್ಲಿನ್ ಜೊತೆ ಸೇರಿ ಅವರು ಒಂದು ಪ್ರಬಂಧ ಬರೆದರು. ತೆಳುವಾದ ಪದರದಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿ, ಅತಿ ತಂಪಿನಲ್ಲಿ ಬಲವಾದ ಅಯಸ್ಕಾಂತದ ಎದುರು ಇಟ್ಟಾಗ, ಅವುಗಳ ದಾರಿಯಲ್ಲಿ ಒಂದು ಘಾಟ್ ಇಡಬಹುದು. ಎರಡು ಗುಡ್ಡದ ನಡುವಿನ ಕಣಿವೆದಾರಿ, ಕುದುರೆಯ ಜೀನಿನ ಆಕಾರ. ಆ ಘಾಟ್ ದಾಟುವ ಎಲೆಕ್ಟ್ರಾನಿನ ಗಣಿತವೂ, ಕಪ್ಪುಕುಳಿಯ ದಿಬ್ಬದ ಬಳಿ ಸುಳಿಯುವ ಅಲೆಯ ಗಣಿತವೂ ಒಂದೇ ಎಂದು ಅವರು ತೋರಿಸಿದರು. ಹಾಗಿದ್ದ ಮೇಲೆ ಅಪ್ಪ 1970ರಲ್ಲಿ ಕೇಳಿದ ಗಂಟೆಯ ಮರಿಯನ್ನು ಪ್ರಯೋಗಶಾಲೆಯ ಮೇಜಿನ ಮೇಲೆ ಹುಡುಕಬಹುದು.

ಇದರಿಂದ ಆ ಹುಡುಗಿಗೆ ಕೆಲಸ ಸಿಗುತ್ತದೆಯೇ? ನೇರವಾಗಿ ಹೇಳುತ್ತೇನೆ. ದಾರಿ ಉದ್ದ. ಪಿಎಚ್‌ಡಿ ಮುಗಿಯುವಾಗ ವಯಸ್ಸು ಮೂವತ್ತರ ಹತ್ತಿರ ಬರುತ್ತದೆ, ಆಮೇಲೂ ನಾಲ್ಕಾರು ವರ್ಷ ಊರೂರು ತಿರುಗಬೇಕು, ಕಾಯಂ ಹುದ್ದೆ ಎಲ್ಲರಿಗೂ ಸಿಗುವುದಿಲ್ಲ. ಹೆಣ್ಣುಮಕ್ಕಳಿಗೆ ಮದುವೆ, ಮಗು ಎಲ್ಲವೂ ಆ ವರ್ಷಗಳಲ್ಲೇ ಬಂದು ಕೂರುತ್ತವೆ. ಆದರೆ ಅಷ್ಟು ಗಣಿತ, ಅಷ್ಟು ಪ್ರೋಗ್ರಾಮಿಂಗ್ ಕಲಿತವಳು ಹೊಟ್ಟೆಪಾಡಿಗೆ ಕಷ್ಟಪಡುವುದಿಲ್ಲ. ಭೌತವಿಜ್ಞಾನ ಬಿಟ್ಟು ಬಂದ ಸಹೋದ್ಯೋಗಿಗಳು ನನ್ನ ಕ್ಷೇತ್ರದಲ್ಲಿ ಸಾಕಷ್ಟಿದ್ದಾರೆ, ಅವರ ಕೆಲಸ ಚೆನ್ನಾಗಿಯೇ ನಡೆದಿದೆ. ಓದಲು ದೂರವೂ ಹೋಗಬೇಕಿಲ್ಲ. ಪಾಷಾಣದಲ್ಲಿ ಐಸರ್ ಇದೆ, 2006ರಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಪದವಿ ಕೋರ್ಸ್ ಇದೆ. ಎರಡಕ್ಕೂ ಪೈಪೋಟಿ ಜೋರು, ಆದ್ದರಿಂದ ಹಟ ನಿಜವಾದದ್ದೇ ಎಂದು ಪರೀಕ್ಷೆಯೇ ಹೇಳಿಬಿಡುತ್ತದೆ. ನನ್ನನ್ನು ಕೇಳಿದರೆ, ಬರೆಯಲು ಬಿಡಿ.

ಅವಳು ಓದು ಮುಗಿಸುವ ಹೊತ್ತಿಗೆ ಮರಾಠವಾಡದ ಹಿಂಗೋಲಿ ಜಿಲ್ಲೆಯ ಔಂಢಾದಲ್ಲಿ ನಮ್ಮದೇ ಲೈಗೋ ಎದ್ದಿರಬೇಕು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಸುಮಾರು 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಇನ್ನೂ ಹತ್ತಿರದ್ದು ಬೇಕೆಂದರೆ ನಾಶಿಕ್ ರಸ್ತೆಯಲ್ಲಿ ನಾರಾಯಣಗಾಂವದ ಬಳಿಯ ಖೋಡದ್. 45 ಮೀಟರ್ ಅಗಲದ 30 ರೇಡಿಯೋ ಬಾಣಲೆಗಳು ಅಲ್ಲಿವೆ. ನಿಯಮಿತವಾಗಿ ಮಿಡಿಯುವ ನಕ್ಷತ್ರಗಳನ್ನು ಅವು ವರ್ಷಗಟ್ಟಲೆ ಗಮನಿಸಿದವು. ಕೋಟ್ಯಂತರ ಸೂರ್ಯರ ತೂಕದ ಕಪ್ಪುಕುಳಿಗಳ ಜೋಡಿಗಳಿಂದ ಬರುತ್ತಿರಬಹುದಾದ ಬಹು ನಿಧಾನದ ಅಲೆಗಳ ಸುಳಿವನ್ನು 2023ರ ಜೂನ್‌ನಲ್ಲಿ ಪ್ರಕಟಿಸಿದ ತಂಡಗಳಲ್ಲಿ ಇಲ್ಲಿನವರೂ ಇದ್ದರು.

ಫೆಬ್ರುವರಿ 28, ರಾಷ್ಟ್ರೀಯ ವಿಜ್ಞಾನ ದಿನ, ಆಯುಕಾವೂ ಖೋಡದ್ ಕೇಂದ್ರವೂ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತವೆ. ವೇದಿಕೆಯಿಂದ ಒಂದು ಬಸ್ ಮಾಡಿಕೊಂಡು ಹೋಗೋಣ ಎಂದು ಕಾರ್ಯದರ್ಶಿಯವರಿಗೆ ಇಲ್ಲೇ ಎಲ್ಲರೆದುರು ಕೇಳುತ್ತಿದ್ದೇನೆ, ಇಲ್ಲ ಅನ್ನಲಾರರು. ಖೋಡದ್‌ಗೆ ಹೋದರೆ ಬುತ್ತಿ ಕಟ್ಟಿಕೊಳ್ಳಬೇಕು. ಟೆಲಿಸ್ಕೋಪ್ ಹತ್ತಿರ ಮೊಬೈಲ್ ಆಫ್ ಮಾಡಿಡಬೇಕು. ಆ ಹುಡುಗಿಯನ್ನೂ ಕರೆತನ್ನಿ.

ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.